ನಾಣ್ಯದ ಆಲ್ಬಮ್ ಕೊಳ್ಳುವವರೇ, ಮೆತ್ತನೆಯ ಹಾಳೆ ಕಂಡರೆ ದೂರ ಇರಿ

ಹಳೆಯ ನಾಣ್ಯ ಕೂಡಿಡುವವರು, ಅದರಲ್ಲೂ ನಮ್ಮ ಬೆಳಗಾವಿಯಂಥ ಮಳೆಯ ಊರಿನವರು, ಆಲ್ಬಮ್ಮಿನ ರಟ್ಟಿನ ಮೇಲೆ ಬರೆದದ್ದನ್ನು ನಂಬಿ ದುಡ್ಡು ಕೊಡಬೇಡಿ. ನಾನು ಆನ್‌ಲೈನ್‌ನಲ್ಲಿ ತರಿಸಿದ ಆಲ್ಬಮ್ಮಿನ ಮೇಲೆ ‘ಪಿವಿಸಿ ಫ್ರೀ’ ಎಂದು, ಅಂದರೆ ನಾಣ್ಯ ಕೆಡಿಸುವ ಪಿವಿಸಿ ಪ್ಲಾಸ್ಟಿಕ್ ಇದರಲ್ಲಿ ಇಲ್ಲವೆಂದು, ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿತ್ತು. ಕೊಳ್ಳುವ ಮೊದಲು ಫೋನ್ ಮಾಡಿ ಕೇಳಿದಾಗ ಮಾರುವವರೂ ಹೌದು ಅಂದಿದ್ದರು. ಆದರೆ ಹಾಳೆಗಳು ಪಿವಿಸಿಯವೇ. ಒಂದೇ ಮಳೆಗಾಲದಲ್ಲಿ ಅಜ್ಜ ಕೂಡಿಟ್ಟ ನಾಣ್ಯಗಳು ಹಾಳಾದವು.

ಅದರಲ್ಲಿದ್ದವು ಹೆಚ್ಚಾಗಿ ಶಿವರಾಯಿ, ಅಂದರೆ ಮರಾಠರ ಕಾಲದ ತಾಮ್ರದ ಕಾಸುಗಳು. 1818ರವರೆಗೆ ಈ ಸೀಮೆ ಪೇಶ್ವೆಯವರ ಆಡಳಿತದಲ್ಲಿತ್ತು, ಹಾಗಾಗಿ ನಮ್ಮ ಕಡೆ ಹಳೆಯ ಮನೆಗಳಲ್ಲಿ ಶಿವರಾಯಿ ಇರುವುದು ಹೊಸದೇನಲ್ಲ. ಜೊತೆಗೆ 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿ, ಆಮೇಲಿನ ನಯಾಪೈಸೆಗಳು. ಬಂದವರಿಗೆ ತೋರಿಸಲು ಅನುಕೂಲ ಆಗಲಿ ಅಂತ ಎಲ್ಲವನ್ನೂ ಆಲ್ಬಮ್ಮಿಗೆ ಹಾಕಿದ್ದೆವು. ದಸರೆಗೆ ಪೂಜೆಗಿಡಲು ತೆಗೆದರೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಬಿಡಿಸಿದಾಗ ಚರ್ರ್ ಅಂತ ಸಪ್ಪಳ. ಪ್ರತಿ ಜೇಬಿನ ಒಳಗೂ ನಾಣ್ಯದ ಗುರುತು ದುಂಡಗೆ, ಹಸಿರಾಗಿ ಮೂಡಿತ್ತು. ಒಂದು ಶಿವರಾಯಿಯ ಹಿಂಬದಿಯಲ್ಲಿ ನಾಗರಿಯ ‘ಛತ್ರಪತಿ’ ಅಕ್ಷರಗಳ ಸಂದಿಯೆಲ್ಲ ಹಸಿರು ಅಂಟು ತುಂಬಿ, ಬೆರಳಿಟ್ಟರೆ ಜೇನಿನ ಹಾಗೆ ಎಳೆ ಬರುತ್ತಿತ್ತು. ಕಾಲಾಣೆಯ ಮೇಲಿನ ಸಿಂಹಗಳ ಕಾಲು ಕಾಣಿಸುತ್ತಲೇ ಇರಲಿಲ್ಲ. ಬೆಳ್ಳಿ ರೂಪಾಯಿಯ ಅಂಚಿಗೂ ಹಸಿರು ಹತ್ತಿತ್ತು. ಆ ರೂಪಾಯಿಯ 11.66 ಗ್ರಾಂ ತೂಕದಲ್ಲಿ ಹನ್ನೆರಡರಲ್ಲಿ ಒಂದು ಪಾಲು ಬೆಳ್ಳಿಯಲ್ಲ, ಬೆರಕೆ ತಾಮ್ರ. ಹಸಿರು ಹತ್ತಲು ಅಷ್ಟು ತಾಮ್ರವೇ ಸಾಕು.

ಮಾರಿದವರಿಗೆ ಫೋಟೋ ಕಳಿಸಿದೆ. “ಬೆಳಗಾವಿ ಮಳಿಗೆ ತಾಮ್ರ ಹಸರ ಆಗೂದು ಇದ್ದದ್ದೈತ್ರಿ, ಅದಕ್ಕ ಆಲ್ಬಮ್ ಏನ್ ಮಾಡತೈತಿ?” ಅಂದರು. ಈ ಮಾತನ್ನು ಒಪ್ಪಲೇಬಾರದು. ಅದೇ ಕಪಾಟಿನಲ್ಲಿ, ಅದೇ ಮಳೆಗಾಲದಲ್ಲಿ, ಆಲ್ಬಮ್ಮಿನಲ್ಲಿ ಜಾಗ ಸಾಲದೆ ಕಾಗದದ ಲಕೋಟೆಯಲ್ಲೇ ಉಳಿದ ಶಿವರಾಯಿಗಳು ಮೊದಲಿನ ಕಂದು ಬಣ್ಣದಲ್ಲೇ ಇದ್ದವು. ತೇವದಿಂದ ಬರುವ ಕಿಲುಬು ಒಣಗಿರುತ್ತದೆ, ಪುಡಿಪುಡಿಯಾಗಿ ಇಲ್ಲವೇ ಗಟ್ಟಿ ಹೆಪ್ಪಳಿಕೆಯಾಗಿ ಕಾಣುತ್ತದೆ. ಪಿವಿಸಿಯ ಹಸಿರು ಹಸಿಯಾಗಿ, ಜಿಗಟಾಗಿ ಇರುತ್ತದೆ. ಪಿವಿಸಿ ಹುಟ್ಟಾ ಗಡುಸು ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ, ಅದು ಬರುಬರುತ್ತ ಹೊರಗೆ ಒಸರುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವೂ ಬಿಡುತ್ತದೆ. ಮಳೆಗಾಲದ ತೇವ, ಬೇಸಿಗೆಯ ಕಾವು ಎರಡೂ ಈ ಕೆಲಸವನ್ನು ಬೇಗ ಮಾಡಿಸುತ್ತವೆ. ತೇವ ಕಾರಣವಲ್ಲ ಅನ್ನುತ್ತಿಲ್ಲ, ಆದರೆ ಆಮ್ಲ ಬಂದದ್ದು ಹಾಳೆಯಿಂದ.

ಹಾಳೆಯನ್ನು ನೀವೇ ಪರೀಕ್ಷೆ ಮಾಡಬಹುದು. ಮೊದಲು ಮೂಸಿ ನೋಡಿ: ಹೊಸ ರೇನ್‌ಕೋಟಿನ ಘಾಟು ಬಂದರೆ, ಬಟ್ಟೆಯಂತೆ ಮೆತ್ತಗೆ ಮಡಚಿಕೊಂಡರೆ ಅನುಮಾನ ಪಡಿ. ಮೂಲೆಯ ಒಂದು ಚೂರು ಕತ್ತರಿಸಿ ನೀರಲ್ಲಿ ಮುಳುಗಿಸಿ, ಗಾಳಿಗುಳ್ಳೆ ಹೋಗುವಂತೆ ಬೆರಳಿಂದ ಒರೆಸಿ ಬಿಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್, ಚಿಂತೆಯಿಲ್ಲ. ಪಿವಿಸಿ ಮುಳುಗುತ್ತದೆ. ಒಳ್ಳೆಯದಾದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ ಕೂಡ ಮುಳುಗುತ್ತದೆ, ಆದರೆ ಅದು ಗರಿಗರಿಯಾಗಿ ಸದ್ದು ಮಾಡುತ್ತದೆ, ಎಳೆದರೆ ಹಿಗ್ಗುವುದಿಲ್ಲ. ನಾನು ಕೊನೆಗೆ ತಾಮ್ರದ ತಂತಿಯ ಪರೀಕ್ಷೆಯನ್ನೇ ಮಾಡಿದೆ. ಇಕ್ಕಳದಲ್ಲಿ ತಂತಿ ಹಿಡಿದು ಕೆಂಪಗೆ ಕಾಯಿಸಿ, ಹಾಳೆಯ ಚೂರಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿದೆ. ಉರಿ ಎದ್ದು ಕಾಣುವಂತೆ ಹಸಿರಾಯಿತು. ಕ್ಲೋರಿನ್ ಇದ್ದರೆ ಹಾಗಾಗುತ್ತದೆ. ಇದನ್ನು ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ, ಚಿಟಿಕೆಯಷ್ಟು ಪ್ಲಾಸ್ಟಿಕ್ಕಿಗೆ ಮಾತ್ರ ಮಾಡಿ. ಹೊಗೆ ಕೆಟ್ಟದ್ದು.

ಈಗ ನಾವು ನಾಣ್ಯಗಳನ್ನು ಮೈಲಾರ್ ಕಿಟಕಿಯ ಚೌಕದ ರಟ್ಟಿನ ಹೋಲ್ಡರಿನಲ್ಲಿ ಹಾಕಿ, ಆ ಹೋಲ್ಡರುಗಳನ್ನು ಪಾಲಿಪ್ರೊಪಿಲೀನ್ ಹಾಳೆಯಲ್ಲಿ ಇಟ್ಟಿದ್ದೇವೆ. ಹೋಲ್ಡರಿಗೆ ಹೊಡೆದ ಸ್ಟೇಪಲ್ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಇಲ್ಲವಾದರೆ ಪಕ್ಕದ ನಾಣ್ಯದ ಕಿಟಕಿಯನ್ನು ಕೊರೆಯುತ್ತವೆ. ಬೆಳ್ಳಿಗೆ ಕ್ಯಾಪ್ಸೂಲ್ ಅನ್ನುವ ಗಡುಸು ಪ್ಲಾಸ್ಟಿಕ್ಕಿನ ದುಂಡು ಡಬ್ಬಿ ಒಳ್ಳೆಯದು.

ಹಸಿರು ಹತ್ತಿದ ನಾಣ್ಯವನ್ನು ದಯವಿಟ್ಟು ಹುಣಸೆಹಣ್ಣಿನಿಂದ ತಿಕ್ಕಬೇಡಿ. ನಮ್ಮ ಮನೆಯಲ್ಲೂ ಹಿರಿಯರು ಮೊದಲು ಹೇಳಿದ್ದು ಅದನ್ನೇ. ಹುಣಸೆ ಹಚ್ಚಿದರೆ ನೂರಾರು ವರ್ಷದ ಕಂದು ಮೈಬಣ್ಣ ಹೋಗಿ ಹೊಸ ತಂಬಿಗೆಯಂತೆ ಕೆಂಪಗಾಗುತ್ತದೆ, ಆಮೇಲೆ ಸಂಗ್ರಾಹಕರು ಅದನ್ನು ಮುಟ್ಟುವುದಿಲ್ಲ. ಪಿವಿಸಿಯ ಅಂಟು ಕರಗುವುದು ಶುದ್ಧ ಅಸಿಟೋನ್‌ನಲ್ಲಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ. ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದು, ಒಲೆ ದೀಪದಿಂದ ದೂರ ಇಟ್ಟು ನಾಣ್ಯ ಮುಳುಗಿಸಿ. ದ್ರವ ಬಣ್ಣ ತಿರುಗಿದರೆ ಬದಲಿಸಿ. ಉಜ್ಜಬೇಡಿ, ತೆಗೆದು ಹಾಗೇ ಆರಲು ಬಿಡಿ. ನಮ್ಮ ರೂಪಾಯಿ ಬಹುತೇಕ ಉಳಿಯಿತು. ಶಿವರಾಯಿಗಳಿಗೆ ಅಂಟು ಹೋದ ಮೇಲೆ ಸಣ್ಣ ಸಣ್ಣ ಕುಳಿ ಕಂಡವು. ಲೋಹವನ್ನೇ ತಿಂದದ್ದು ಅದು, ಯಾವ ದ್ರವಕ್ಕೂ ಅದನ್ನು ತುಂಬಲು ಆಗುವುದಿಲ್ಲ.

ಮನೆಯಲ್ಲಿ ಇಂಥ ಆಲ್ಬಮ್ ಇದ್ದರೆ ಮುಂದಿನ ಮಳೆಗೆ ಕಾಯದೆ ಈ ವಾರವೇ ತೆಗೆದು ನೋಡಿ. ತಾಮ್ರ, ಕಂಚು, ಕುಪ್ರೋನಿಕಲ್ (ತಾಮ್ರ-ನಿಕಲ್ ಬೆರಕೆ) ನಾಣ್ಯಗಳನ್ನು ಮೊದಲು ಹೊರಗೆ ತೆಗೆಯಿರಿ. ಖಾಲಿಯಾದ ಆಲ್ಬಮ್ಮನ್ನು ಅಂಚೆಚೀಟಿಗೋ ಹಳೆಯ ನೋಟಿಗೋ ಆಗುತ್ತದೆ ಅಂತ ಎತ್ತಿಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಸುಡುವುದಂತೂ ಬೇಡವೇ ಬೇಡ, ಕಸದ ಗಾಡಿಗೆ ಹಾಕಿ.