ಕಪ್ಪು ಕಾಲು ಮಶಿನ್: ಎರಡು ಮಳೆಗಾಲ ಹೊಲಿದ ಮೇಲೆ

2024ರ ಮಾರ್ಚಿನಲ್ಲಿ, ಶಿರಸಿ ಮಾರಿಜಾತ್ರೆಗೆ ಇನ್ನು ಎಂಟು ದಿನ ಇದೆ ಎನ್ನುವಾಗ ಈ ಮಶಿನ್ ನಮ್ಮ ಮನೆಗೆ ಬಂತು. ಕಪ್ಪು ಮೈ, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಕಬ್ಬಿಣದ ಸ್ಟ್ಯಾಂಡು. ಎಲ್ಲರ ಅಜ್ಜಿಮನೆಯಲ್ಲೂ ಇರುತ್ತಿತ್ತಲ್ಲ, ಅದೇ ಕಾಲು ಮಶಿನ್. ಸ್ಟ್ಯಾಂಡು, ಹಲಗೆ, ಮುಚ್ಚಳ ಸೇರಿ 7,800 ರೂಪಾಯಿ ಆಯಿತು. ಆ ಚಳಿಗಾಲದಲ್ಲಿ ರಾತ್ರಿ ಕೂತು ಬೇರೆಯವರ ಮನೆಯ ಅಡಿಕೆ ಸುಲಿದು ಕೂಡಿಸಿದ ದುಡ್ಡು. ತಪ್ಪು ವಸ್ತು ತರಬಾರದು ಎಂದು ಎರಡು ತಿಂಗಳು ಯೋಚಿಸಿದ್ದೆ.

ಅಂಗಡಿಯಲ್ಲಿ ಪಕ್ಕದಲ್ಲೇ ಬಿಳಿ ಬಣ್ಣದ ಕರೆಂಟಿನ ಮಶಿನ್ ಇತ್ತು. ಜಿಗ್‌ಜಾಗ್, ಕಾಜಾ, ಹೂವಿನ ಹೊಲಿಗೆ ಎಲ್ಲ ಬರುತ್ತದೆ. ನನ್ನ ಮನಸ್ಸು ಅದರ ಮೇಲೇ ಇತ್ತು. ಜೊತೆಗೆ ಬಂದ ಅತ್ತೆ ಒಂದೇ ಮಾತು ಕೇಳಿದರು: "ಆಷಾಢದಲ್ಲಿ ಕರೆಂಟು ಹೋದ್ರೆ ಎಂತ ಮಾಡ್ತೆ ಕೂಸೇ?" ನಮ್ಮದು ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬಂದು ಮುಟ್ಟುವಷ್ಟರಲ್ಲಿ ಮತ್ತೊಂದು ಮರ ಬಿದ್ದಿರುತ್ತದೆ. ಅವರ ಮಾತಿಗೆ ಕಪ್ಪು ಮಶಿನ್ ತಂದೆವು.

ಆ ಮಾತು ಎಷ್ಟು ಸರಿ ಎಂದು ಗೊತ್ತಾಗಿದ್ದು ಜುಲೈಯಲ್ಲಿ. 16ನೇ ತಾರೀಖು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿ ಹೊಳೆಯ ಆಚೆ ದಡದ ಉಳುವರೆಯಲ್ಲೂ ಮನೆಗಳು ಹೋದವು. ನಮ್ಮ ಸಂಘದ ಹೆಂಗಸರು ಸೇರಿ ಬಟ್ಟೆ ಕೂಡಿಸಲು ಶುರು ಮಾಡಿದೆವು. ಎರಡೇ ದಿನಕ್ಕೆ ಸೀರೆ ರಾಶಿ ಬಿತ್ತು. ಅದನ್ನು ಮಡಚುತ್ತ ಕೂತಾಗ ಒಬ್ಬ ಅಕ್ಕ, "ಇದನ್ನ ಉಡೂದು ಯಾವುದರ ಮೇಲೆ?" ಎಂದರು. ಆ ರಾಶಿಯಲ್ಲಿ ಒಂದೂ ಒಳಲಂಗ ಇರಲಿಲ್ಲ. ಸೀರೆ ಎಲ್ಲರೂ ಕೊಡುತ್ತಾರೆ, ಒಳಲಂಗ ಯಾರಿಗೂ ನೆನಪಾಗುವುದಿಲ್ಲ. ಉಟ್ಟು ಹಳತಾದದ್ದನ್ನು ಕೊಡಲು ಮನಸ್ಸೂ ಬರುವುದಿಲ್ಲ. ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಓಡಿದ ಹೆಂಗಸಿಗೆ ಮೊದಲು ಬೇಕಾದದ್ದು ಅದೇ.

ಪೇಟೆಯಿಂದ ಪಾಪ್ಲಿನ್ ಥಾನು ತಂದು, ಒಂದಕ್ಕೆ ಎರಡು ಮೀಟರಿನಂತೆ ಕತ್ತರಿಸಿ, ಒಂಬತ್ತು ದಿನದಲ್ಲಿ 26 ಲಂಗ ಹೊಲಿದೆ. ಆ ಒಂಬತ್ತು ದಿನದಲ್ಲಿ ಕರೆಂಟು ಇದ್ದದ್ದು ದಿನಕ್ಕೆ ಒಂದೆರಡು ತಾಸು. ಹಗಲು ಕಿಟಕಿಯ ಬೆಳಕು, ಸಂಜೆ ಚಾರ್ಜ್ ಲೈಟು. ಮಶಿನ್ ಒಂದು ಸಲವೂ ನಿಲ್ಲಲಿಲ್ಲ. ಲಾಡಿ ಹಾಕುವ ಪಟ್ಟಿಯ ಹತ್ತಿರ ಬಟ್ಟೆ ನಾಲ್ಕು ಪದರ ಆಗುತ್ತದೆ. ಅಲ್ಲಿ 14ರ ಸೂಜಿ ತೆಗೆದು 16ರದ್ದು ಹಾಕಿದರೆ ಸಾಕು, ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ನೇರ ಹೊಲಿಗೆಗೆ, ಗಟ್ಟಿ ಹೊಲಿಗೆಗೆ ಈ ಮಶಿನ್ನಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಕೌದಿಯ ವಿಷಯ. ನಾನು ಮಶಿನ್ ತಂದದ್ದೇ ಕೌದಿಗಾಗಿ. ಹಳೇ ನೂಲಿನ ಸೀರೆಯಿಂದ ಎಳೆ ಮಕ್ಕಳಿಗೆ ಸಣ್ಣ ಕೌದಿ ಮಾಡಿ ಪರಿಚಯದ ಆಶಾ ಕಾರ್ಯಕರ್ತೆಯ ಕೈಗೆ ಕೊಡುತ್ತೇನೆ. ಅವರು ಬಾಣಂತಿಯರ ಮನೆಗೆ ಹೋಗುವಾಗ, ಅಗತ್ಯ ಇದ್ದ ಕಡೆ ಕೊಟ್ಟು ಬರುತ್ತಾರೆ. ಹತ್ತು ಹದಿನೈದು ವರ್ಷ ಒಗೆದು ಮೆತ್ತಗಾದ ಸೀರೆಯೇ ಆಗಬೇಕು, ಜರಿ ಅಂಚು ಕತ್ತರಿಸಿ ತೆಗೆಯಬೇಕು (ಮಗುವಿನ ಚರ್ಮಕ್ಕೆ ಗೀರುತ್ತದೆ), ಬಿಸಿನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಬೇಕು. ಇಷ್ಟೆಲ್ಲ ಮಾಡಿ, ಮೊದಲ ಕೌದಿಯನ್ನು ಐದು ಪದರ ಹಾಕಿ ಪೂರ್ತಿ ಮಶಿನ್ನಿನಲ್ಲೇ ಹೊಲಿದೆ. ಆಗಲಿಲ್ಲ. ಮೇಲಿನ ಪದರ ನೆರಿಗೆ ನೆರಿಗೆಯಾಗಿ ಮುಂದೆ ಸರಿಯಿತು, ಕೆಳಗಿನದು ಹಿಂದೆ ಓಡಿತು. ಈ ಮಶಿನ್ನಿನ ಹಲ್ಲು ಬಟ್ಟೆಯನ್ನು ಕೆಳಗಿನಿಂದ ಮಾತ್ರ ಎಳೆಯುತ್ತದೆ, ಮೇಲೆ ಪಾದ ಒತ್ತಿ ಹಿಡಿದಿರುತ್ತದೆ. ಪದರ ಜಾಸ್ತಿ ಆದಷ್ಟೂ ಜಾರುತ್ತದೆ. ಪಾದದ ಮೇಲಿನ ತಿರುಪು ಸಡಿಲ ಮಾಡಿದರೆ ಮೂರು ಪದರದ ತನಕ ಸುಧಾರಿಸುತ್ತದೆ, ಐದಕ್ಕೆ ಇಲ್ಲ. ಹೊಲಿದು ಮುಗಿಸಿದ ಕೌದಿಯೂ ಬಿರುಸಾಗಿತ್ತು, ಮಗುವಿಗೆ ಸುತ್ತುವ ಹಾಗೆ ಇರಲಿಲ್ಲ.

ದಾರಿ ತೋರಿಸಿದ್ದು ಯಲ್ಲಾಪುರ ಕಡೆಯ ಒಬ್ಬ ಸಿದ್ದಿ ಅಕ್ಕ (ಸಿದ್ದಿಗಳೆಂದರೆ ನಮ್ಮ ಕಡೆ ನೆಲೆಸಿದ ಆಫ್ರಿಕಾ ಮೂಲದ ಜನ). ಸಿದ್ದಿ ಹೆಂಗಸರ ಕೌದಿ ನೋಡಿದವರಿಗೆ ಗೊತ್ತು, ಅದರಲ್ಲಿ ಅಳತೆಪಟ್ಟಿ ಇಲ್ಲ, ನಕಾಶೆ ಇಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೆ ತುಂಡು ಮಡಚಿ ಇಡುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ಹೂವು. ಅದು ಇಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ನನ್ನ ಬಿರುಸು ಕೌದಿಯನ್ನು ಅಕ್ಕ ಮುಟ್ಟಿ ನೋಡಿ, "ಕೈ ಹೊಲಿಗೆ ಉಸಿರಾಡ್ತದೆ ತಂಗಿ, ಇದು ಬಿಗಿ ಹಿಡ್ದುಬಿಟ್ಟಿದೆ" ಎಂದರು. ಅವತ್ತಿನಿಂದ ಕೆಳಗಿನ ಸೀರೆಯ ಎರಡು ಹೋಳು ಜೋಡಿಸಲು ಮತ್ತು ಸುತ್ತಲಿನ ಅಂಚು ಮಡಚಲು ಮಾತ್ರ ಮಶಿನ್. ಉಳಿದದ್ದೆಲ್ಲ ಕೈಯಲ್ಲಿ. ಕೌದಿಗಾಗಿಯೇ ಕಾಲು ಮಶಿನ್ ಕೊಳ್ಳಬೇಕು ಎಂದುಕೊಂಡವರು ಇದನ್ನು ಗಮನಿಸಿ. ಒಂದು ಸೂಜಿ, ಒಂದು ಬೆರಳುಟೋಪಿ ಸಾಕು.

ಮಶಿನ್ ನೋಡಿಕೊಳ್ಳುವ ವಿಷಯದಲ್ಲಿ ನಮ್ಮ ಹವೆಗೆ ಸಂಬಂಧಿಸಿದ ಕೆಲವು ಮಾತು ಹೇಳಲೇಬೇಕು. ಡಿಸೆಂಬರಿನ ಒಂದು ಬೆಳಿಗ್ಗೆ ಗಾಲಿ ತಿರುಗಲೇ ಇಲ್ಲ. ಹಿಂದಿನ ವಾರ ಕೀರಲು ಸದ್ದು ಕೇಳಿ, ನನಗೆ ಸಹಾಯವಾಗಲಿ ಎಂದು ಅತ್ತೆ ತೆಂಗಿನೆಣ್ಣೆ ಬಿಟ್ಟಿದ್ದರು. ಶಿರಸಿಯ ಚಳಿಗೆ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗುವ ಹಾಗೆ ಮಶಿನ್ನಿನ ಹೊಟ್ಟೆಯಲ್ಲೂ ಗಟ್ಟಿಯಾಗಿತ್ತು. ಎಣ್ಣೆ ಬಿಡುವ ತೂತುಗಳಿಗೆಲ್ಲ ಸೀಮೆಎಣ್ಣೆ ಹನಿಸಿ, ದಾರ ಇಲ್ಲದೆ ಹತ್ತು ನಿಮಿಷ ತುಳಿದು, ಒರೆಸಿ, ಆಮೇಲೆ ಮಶಿನ್ ಎಣ್ಣೆ ಬಿಟ್ಟೆ. ಸರಿಹೋಯಿತು. ಅತ್ತೆ ಬಹಳ ನೊಂದುಕೊಂಡರು. ಈಗ ವಾರಕ್ಕೊಮ್ಮೆ ಎಣ್ಣೆ ಬಿಡುವುದು ಅವರದೇ ಕೆಲಸ, ಸರಿಯಾದ ಶೀಸೆಯಿಂದ.

ಮಳೆ ಹಿಡಿದರೆ ಚರ್ಮದ ಬೆಲ್ಟು ಸಡಿಲಾಗಿ ಗಾಲಿಯ ಮೇಲೆ ಜಾರುತ್ತದೆ. ಅರ್ಧ ಇಂಚು ಕತ್ತರಿಸಿ ಕ್ಲಿಪ್ಪು ಮತ್ತೆ ಸಿಕ್ಕಿಸಿದರೆ ಆಯಿತು. ಹೊಲಿಗೆ ಮುಗಿದ ಮೇಲೆ ಪಾದದ ಕೆಳಗೆ ಒಂದು ಹತ್ತಿ ಬಟ್ಟೆ ಮಡಚಿ ಇಟ್ಟರೆ ಇಳಿದ ಎಣ್ಣೆ ಹೀರುತ್ತದೆ, ಮಾರನೆಯ ದಿನದ ಬಟ್ಟೆಗೆ ಕಲೆ ಆಗುವುದಿಲ್ಲ. ಕೆಳಗಡೆ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಮೇಲಿನ ದಾರ ಪೋಣಿಸಿದ್ದರಲ್ಲಿ. ಮೊದಲು ಅದನ್ನು ನೋಡಿ.

ನನಗೆ ನಿಜವಾಗಿ ಬೇಸರವಾದದ್ದು ಹಲಗೆಯದ್ದು. ಮರದ್ದು ಎಂದು ಕೊಟ್ಟದ್ದು ಒಳಗೆ ಹೊಟ್ಟು ಒತ್ತಿ ಮಾಡಿದ್ದು. ಎರಡನೇ ಮಳೆಗಾಲದಲ್ಲಿ ಅಂಚು ಉಬ್ಬಿ, ಮೇಲಿನ ಹಾಳೆ ಎದ್ದು, ಬಟ್ಟೆ ಸಿಕ್ಕಿಕೊಳ್ಳಲು ಶುರುವಾಯಿತು. ಕಬ್ಬಿಣ ಅಷ್ಟು ಚೆನ್ನಾಗಿ ಮಾಡಿದವರು ಹಲಗೆಯಲ್ಲಿ ಹೀಗೆ ಮಾಡಬಾರದಿತ್ತು. ಹಿತ್ತಲಲ್ಲಿ ಬಿದ್ದ ಹಲಸಿನ ಮರದ ಹಲಗೆ ಇತ್ತು. ಊರಿನ ಆಚಾರಿ ಅಳತೆಗೆ ಕೊರೆದು ಕೂರಿಸಿ 1,200 ರೂಪಾಯಿ ತೆಗೆದುಕೊಂಡರು. ಕೊಳ್ಳುವಾಗ ಹಲಗೆಯ ಅಡಿಭಾಗ ಮಗುಚಿ ನೋಡಿ, ಅಂಗಡಿಯವರು ಅವಸರ ಮಾಡಿದರೂ ಸರಿ.

ಮೋಟರ್ ಹಾಕಿಸಬಹುದಾ ಎಂದು ತಂಗಿ ಕೇಳುತ್ತಿದ್ದಳು. ಹಾಕಿಸಿ ನೋಡಿದೆ. ಉದ್ದ ಅಂಚಿಗೆ ವೇಗ ಸಿಗುತ್ತದೆ, ಆದರೆ ತಿರುವಿನಲ್ಲಿ ಒಂದೊಂದೇ ಹೊಲಿಗೆ ಇಡುವ ಹಿಡಿತ ಹೋಗುತ್ತದೆ. ತೆಗೆಸಿಬಿಟ್ಟೆ.

ಒಂಬತ್ತನೇ ಕ್ಲಾಸಿನ ಮಗಳು ಕಲಿತದ್ದು ಗೆರೆ ಹಾಕಿದ ಹಳೇ ನೋಟ್‌ಬುಕ್ಕಿನ ಹಾಳೆಯ ಮೇಲೆ. ದಾರ ಇಲ್ಲ, ಬರಿ ಸೂಜಿ, ಗೆರೆಯ ಮೇಲೆ ತೂತು ಬೀಳಬೇಕು. ಹದಿನೈದು ದಿನ ಗೆರೆ ಬಿಟ್ಟು ಹೋಗುತ್ತಿತ್ತು. ಪೆಡಲಿನ ಮೇಲೆ ಎರಡೂ ಕಾಲು ಹಿಂದೆ ಮುಂದೆ ಇಟ್ಟುಕೊಳ್ಳುವುದು ಗೊತ್ತಾದ ದಿನ ಗೆರೆಯೂ ಸಿಕ್ಕಿತು. ಸಣ್ಣ ಮಗ ಇರುವ ಮನೆಯಾದ್ದರಿಂದ ಕೆಲಸ ಮುಗಿದ ಕೂಡಲೇ ಬೆಲ್ಟು ಗಾಲಿಯಿಂದ ಇಳಿಸಿ ಇಡುತ್ತೇವೆ. ಬೆರಳು ಸಿಕ್ಕಿದರೆ ಬಿಡಿಸುವುದು ಕಷ್ಟ.

ಈ ಸಲ ಮಳೆಗೆ ಮೊದಲೇ ಹನ್ನೆರಡು ಒಳಲಂಗ ಹೊಲಿದು ಟ್ರಂಕಿನಲ್ಲಿ ಇಟ್ಟುಕೊಳ್ಳುವುದು ಎಂದು ಮಾಡಿದ್ದೇವೆ, ಯಾವ ಕಡೆಯಿಂದ ಕರೆ ಬಂದರೂ ಕಳಿಸಲಿಕ್ಕೆ. ಎಂಟು ಆಗಿದೆ. ಲಾಡಿ ಪೋಣಿಸುವುದು ಮಗಳ ಪಾಲು, ಅವಳು ಐದಕ್ಕೆ ಹಾಕಿದ್ದಾಳೆ.