ಮೈಸೂರಿನ ಲಸಿಕೆ ಕಾರ್ಡು, ಅನ್ನಾಪೊಲಿಸ್‌ನ ಪಟ್ಟಿ: ಒಂದು ಲಸಿಕೆ ಕ್ಲಿನಿಕ್ಕಿನ ಸೇವೆಯ ವಿಮರ್ಶೆ

ಮೇರಿಲ್ಯಾಂಡ್‌ನಲ್ಲಿ ನಮ್ಮ ಮನೆಗೆ ಇಪ್ಪತ್ತು ನಿಮಿಷದ ದಾರಿಯಲ್ಲಿರುವ ಲಸಿಕೆ ಕ್ಲಿನಿಕ್ಕೊಂದಕ್ಕೆ 2024ರ ಏಪ್ರಿಲ್‌ನಿಂದ ಜೂನ್‌ವರೆಗೆ ನಾಲ್ಕು ಸಲ ಹೋಗಿಬಂದೆವು. ಮಗಳಿಗೆ ಅನ್ನಾಪೊಲಿಸ್‌ನ ನೌಕಾಪಡೆಯ ಅಧಿಕಾರಿಗಳನ್ನು ತರಬೇತುಗೊಳಿಸುವ ನೌಕಾ ಅಕಾಡೆಮಿಯಲ್ಲಿ ಸೀಟು ಸಿಕ್ಕಿತ್ತು. ಸೇರುವ ಮೊದಲು ಅವಳ ಲಸಿಕೆ ದಾಖಲೆಗಳು ಅಮೆರಿಕದ ಕ್ರಮದಲ್ಲಿ ಸಿದ್ಧವಾಗಬೇಕಿತ್ತು. ಅವಳ ಬಾಲ್ಯದ ಚುಚ್ಚುಮದ್ದುಗಳೆಲ್ಲ ಆಗಿದ್ದು ಮೈಸೂರಿನಲ್ಲಿ, ಸಾಕ್ಷಿಯಾಗಿ ನಮ್ಮಲ್ಲಿದ್ದದ್ದು ಅಂಚು ಸವೆದ, ಮಕ್ಕಳ ಡಾಕ್ಟರರ ಸಹಿಯಿರುವ ಹಳದಿ ಕಾರ್ಡೊಂದೇ. ವಿದೇಶಿ ಕಾರ್ಡನ್ನು ಪರಿಶೀಲಿಸಿ, ಕೊರತೆಯನ್ನು ಲೆಕ್ಕ ಹಾಕಿ, ಬೇಕಾದ ಲಸಿಕೆ ಕೊಟ್ಟು, ಮುದ್ರೆಯೊತ್ತಿದ ದಾಖಲೆ ನೀಡುವುದು ಈ ಕ್ಲಿನಿಕ್ಕಿನ ಸೇವೆ. ಕ್ಲಿನಿಕ್ಕಿನ ಹೆಸರು ಬರೆಯುತ್ತಿಲ್ಲ, ಏಕೆಂದರೆ ಕೌಂಟರಿನಲ್ಲಿ ಆದ ತಪ್ಪೊಂದನ್ನು ಹೇಳದೆ ಇರಲಾರೆ, ಆ ಒಂದು ತಪ್ಪಿಗೆ ಒಳಗಿನ ಕೋಣೆಯಲ್ಲಿದ್ದ ನರ್ಸಮ್ಮನ ದುಡಿಮೆಗೆ ಮಸಿ ಬಳಿಯುವ ಮನಸ್ಸೂ ಇಲ್ಲ.

ಮೊದಲು ತಪ್ಪಿನ ವಿಷಯ. ಮಗಳು ಹುಟ್ಟಿದ್ದು 2006ರ ಸೆಪ್ಟೆಂಬರಿನಲ್ಲಿ. ಕಾರ್ಡಿನಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಿಗೆ ಕೊಡುವ ಎಂಎಂಆರ್ ಲಸಿಕೆಯ ಮೊದಲ ಡೋಸಿನ ಎದುರು 8-11-2007 ಎಂದಿದೆ, ಅಂದರೆ ನವೆಂಬರ್ 8. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ರೂಢಿಯಂತೆ ಕೌಂಟರಿನ ಹುಡುಗ ಅದನ್ನು ಆಗಸ್ಟ್ 11 ಎಂದು ಕಂಪ್ಯೂಟರಿಗೆ ತುಂಬಿಸಿದ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಕೊಟ್ಟ ದಡಾರದ ಲಸಿಕೆಯನ್ನು ಇಲ್ಲಿಯ ನಿಯಮ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತನೆಯ ತಿಂಗಳಲ್ಲಿ ನಮ್ಮೂರಿನಲ್ಲಿ ಎಲ್ಲ ಮಕ್ಕಳಿಗೂ ಹಾಕುವ ದಡಾರದ ಚುಚ್ಚುಮದ್ದು ಆ ಕಾರಣಕ್ಕೆ ಆಗಲೇ ಬಿದ್ದುಹೋಗಿತ್ತು. ಈಗ ಸರಿಯಾದ ವಯಸ್ಸಿನಲ್ಲಿ ಹಾಕಿಸಿದ ಡೋಸೂ ಅದರ ಹಿಂದೆಯೇ ಹೋಯಿತು. ಇನ್ನೊಂದು ಡೋಸ್ ಹಾಕಿಸಿಕೊಂಡರೆ ಅಪಾಯವೇನೂ ಇರಲಿಲ್ಲ, ಆದರೆ ಇಲ್ಲದ ಕೊರತೆಗೆ ದುಡ್ಡು ಕೊಡುವುದು ಏಕೆ? ಹುಡುಗನಿಗೆ ವಿವರಿಸಿದರೆ, ಕಂಪ್ಯೂಟರ್ ಒಪ್ಪುತ್ತಿಲ್ಲ ಎಂಬ ಒಂದೇ ಉತ್ತರ.

ಒಳಗೆ ಕಾರ್ಡು ನರ್ಸಮ್ಮನ ಕೈಗೆ ಹೋಯಿತು. ಅವರು ಹಿಂದೆ ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿ ದುಡಿದವರು. ಕನ್ನಡಕವನ್ನು ಹಣೆಗೇರಿಸಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು, ಅದೇ ಕಾರ್ಡಿನಲ್ಲಿದ್ದ 23-1-2007 ಎಂಬ ಇನ್ನೊಂದು ದಿನಾಂಕದ ಮೇಲೆ ಪೆನ್ನಿಟ್ಟರು. ಇಪ್ಪತ್ತಮೂರನೆಯ ತಿಂಗಳು ಎಂಬುದಿಲ್ಲವಲ್ಲ, ಆದ್ದರಿಂದ ಈ ಕಾರ್ಡಿನಲ್ಲಿ ದಿನವೇ ಮೊದಲು ಎಂದು ಹೇಳಿ, ತಪ್ಪು ನಮೂದನ್ನು ತಾವೇ ತಿದ್ದಿದರು. ಹಾಕಿಸಿದ್ದ ಪೋಲಿಯೊ ಹನಿಗಳನ್ನು 2016ರ ಏಪ್ರಿಲ್‌ಗಿಂತ ಮೊದಲಿನವು, ಆಗಿನ ಹನಿ ಮೂರೂ ಬಗೆಯ ಪೋಲಿಯೊ ವೈರಸ್ಸಿಗೆ ಆಗುತ್ತಿತ್ತು ಎಂಬ ಕಾರಣಕ್ಕೆ ಪೂರ್ತಿಯಾಗಿ ಒಪ್ಪಿಕೊಂಡರು. ಎಡತೋಳಿನಲ್ಲಿ ಕ್ಷಯದ ಲಸಿಕೆಯಾದ ಬಿಸಿಜಿ ಉಳಿಸಿದ ಕಲೆಯನ್ನು ನೋಡಿದ ಕೂಡಲೇ, ಚರ್ಮಕ್ಕೆ ಚುಚ್ಚಿ ಮಾಡುವ ಕ್ಷಯದ ಪರೀಕ್ಷೆ ಇವಳಿಗೆ ಬೇಡ, ಬಿಸಿಜಿ ಆದವರಲ್ಲಿ ಅದು ರೋಗವಿಲ್ಲದಿದ್ದರೂ ಉಬ್ಬಿ ಸುಳ್ಳು ಫಲಿತಾಂಶ ಕೊಡಬಹುದು, ರಕ್ತಪರೀಕ್ಷೆಯೇ ಆಗಲಿ ಎಂದರು. ಸೀತಾಳೆ ಸಿಡುಬು ನಾಲ್ಕನೆಯ ವಯಸ್ಸಿನಲ್ಲೇ ಬಂದುಹೋಗಿತ್ತು. ಅದಕ್ಕೂ ಲಸಿಕೆಯ ಬದಲು ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುವ ಟೈಟರ್ ಪರೀಕ್ಷೆ ಬರೆದುಕೊಟ್ಟರು. ಕೊನೆಗೆ ಉಳಿದದ್ದು ಹೆಪಟೈಟಿಸ್ ಎ ಮತ್ತು ಮೆನಿಂಜೈಟಿಸ್‌ನ ಒಂದೊಂದು ಚುಚ್ಚುಮದ್ದು ಮಾತ್ರ. ನಾವು ಕೊಟ್ಟ ಹಣಕ್ಕೆ ತಕ್ಕ ಕೆಲಸ ಆದದ್ದು ಈ ನಲವತ್ತು ನಿಮಿಷಗಳಲ್ಲಿ.

ಮಗಳ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆಯಾಗಿತ್ತು. ಕೋವಿಡ್ ಲಸಿಕೆ ಕಡ್ಡಾಯವೇ, ಬೇಡವೆಂದರೆ ಏನಾಗುತ್ತದೆ? ಇಂಥ ಪ್ರಶ್ನೆಗೆ ಎಷ್ಟೋ ಕಡೆ ಒಂದು ಕರಪತ್ರ ಕೈಗಿಟ್ಟು ಸಾಗಹಾಕುತ್ತಾರೆ. ಈ ನರ್ಸಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಲಾಯ್ಡ್ ಆಸ್ಟಿನ್ 2021ರ ಆಗಸ್ಟ್ 24ರಂದು ಅದನ್ನು ಸೈನ್ಯದವರಿಗೆಲ್ಲ ಕಡ್ಡಾಯ ಮಾಡಿದ್ದು, ಒಪ್ಪದ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಸೇವೆಯಿಂದ ಹೊರಬಿದ್ದದ್ದು, 2022ರ ಡಿಸೆಂಬರಿನಲ್ಲಿ ಸಂಸತ್ತಿನ ರಕ್ಷಣಾ ಕಾಯ್ದೆಯ ಮೂಲಕ ಆದೇಶ ಹಿಂಪಡೆಯುವಂತಾಗಿ 2023ರ ಜನವರಿ 10ರಂದು ಅದು ರದ್ದಾದದ್ದು, ಎಲ್ಲವನ್ನೂ ಯಾರ ಪರವನ್ನೂ ವಹಿಸದೆ ಹೇಳಿದರು. ಕೊಲೊರಾಡೊದ ವಾಯುಪಡೆ ಅಕಾಡೆಮಿಯಲ್ಲಿ 2022ರ ಮೇ ತಿಂಗಳಲ್ಲಿ ಲಸಿಕೆ ನಿರಾಕರಿಸಿದ್ದ ಮೂವರು ಕೆಡೆಟ್‌ಗಳಿಗೆ ಪದವಿ ಸಿಕ್ಕಿತು, ಅಧಿಕಾರಿಯ ಹುದ್ದೆ ಸಿಗಲಿಲ್ಲ ಎಂಬುದು ಮಗಳನ್ನು ತಟ್ಟಿತು. ನಾಲ್ಕು ವರ್ಷ ಬೆವರು ಸುರಿಸಿ ಕಡೆಯ ದಿನ ಟೋಪಿ ಹಾರಿಸುವ ಹೊತ್ತಿಗೆ ಹೀಗಾದರೆ ಎಂದು ಅವಳು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು.

ನನ್ನ ಅಭಿಪ್ರಾಯ ಕೇಳುವುದಾದರೆ, ಒಂದೇ ಹಜಾರದಲ್ಲಿ ಮಲಗಿ ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳಿಗೆ ಲಸಿಕೆ ಕಡ್ಡಾಯ ಮಾಡುವುದು ಸರಿಯೇ. ಜಾರ್ಜ್ ವಾಷಿಂಗ್ಟನ್ 1777ರಲ್ಲಿ ತನ್ನ ಪಡೆಗೆ ಸಿಡುಬಿನ ಕೀವನ್ನೇ ಚುಚ್ಚಿಸಿದ್ದು, ಎಡ್ವರ್ಡ್ ಜೆನ್ನರನ ಸಿಡುಬಿನ ಲಸಿಕೆ ಬರುವುದಕ್ಕೆ ಸುಮಾರು ಎರಡು ದಶಕ ಮೊದಲು, ಇದೇ ಕಾರಣಕ್ಕೆ. ಹೊಸ ಸೈನಿಕರಿಗೆ ಕೊಡುತ್ತಿದ್ದ ಜ್ವರ, ಗಂಟಲುನೋವು ತರುವ ಅಡಿನೊವೈರಸ್ ವಿರುದ್ಧದ ಲಸಿಕೆ ಮಾತ್ರೆಗಳ ದಾಸ್ತಾನು 1999ರಲ್ಲಿ ಮುಗಿದಾಗ ತರಬೇತಿ ಶಿಬಿರಗಳಲ್ಲಿ ಆ ಜ್ವರ ಮರಳಿ ಹಬ್ಬಿತು. 2011ರಲ್ಲಿ ಮಾತ್ರೆಗಳು ಮತ್ತೆ ಬಂದವು. ಅವು ಸೈನ್ಯದವರಿಗೆ ಮಾತ್ರ ಮೀಸಲು, ಈ ಕ್ಲಿನಿಕ್ಕಿನಲ್ಲಿ ಕೇಳಿ ಪ್ರಯೋಜನವಿಲ್ಲ. ಆದರೆ ಕಡ್ಡಾಯ ಮಾಡುವವರು ವಿನಾಯಿತಿಯ ಅರ್ಜಿಯನ್ನು ಓದಬೇಕು. 2022ರ ಜನವರಿಯಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶ ರೀಡ್ ಓಕಾನರ್ 35 ಮಂದಿ ನೌಕಾಪಡೆಯವರ ಪರ ತಡೆಯಾಜ್ಞೆ ಕೊಟ್ಟಾಗ, ನೌಕಾಪಡೆ ಕೋವಿಡ್ ಲಸಿಕೆಗೆ ಧಾರ್ಮಿಕ ಕಾರಣದ ಒಂದೇ ಒಂದು ವಿನಾಯಿತಿಯನ್ನೂ ನೀಡಿರಲಿಲ್ಲ. ಎಲ್ಲ ಅರ್ಜಿಗೂ ಒಂದೇ ಉತ್ತರ ಬರುತ್ತಿದ್ದರೆ ಅದು ನಮ್ಮ ಕೌಂಟರಿನ ಹುಡುಗನ ಕಂಪ್ಯೂಟರಿನಂತೆಯೇ ಆಯಿತು. ಆಗ ಹೊರಬಿದ್ದವರನ್ನು ಬಾಕಿ ಸಂಬಳದೊಂದಿಗೆ ಮರಳಿ ಸೇರಿಸಿಕೊಳ್ಳಲು 2025ರ ಜನವರಿ 27ರಂದು ಅಧ್ಯಕ್ಷರ ಆದೇಶವೇ ಬರಬೇಕಾಯಿತು.

ಮತ್ತೆ ಕ್ಲಿನಿಕ್ಕಿಗೆ ಬರುತ್ತೇನೆ. ಮೂರನೆಯ ಭೇಟಿಯಲ್ಲಿ ಒಂದೂಕಾಲು ಗಂಟೆ ಕಾಯಿಸಿದರು, ಕಾಯುವ ಕೋಣೆಯಲ್ಲಿ ಕುರ್ಚಿಗಳು ಕಡಿಮೆ. ಟೈಟರ್ ಪರೀಕ್ಷೆಗೆ ವಿಮೆ ಅನ್ವಯವಾಗುವುದಿಲ್ಲ ಎಂಬುದನ್ನು ರಕ್ತ ತೆಗೆದ ಮೇಲೆ ಹೇಳಿದರು. ಇದು ಸರಿಯಲ್ಲ, ಮೊದಲೇ ಹೇಳಬೇಕಿತ್ತು. ಅಂತಿಮ ದಾಖಲೆ ಮಾತ್ರ ಅಚ್ಚುಕಟ್ಟಾಗಿತ್ತು, ಜೂನ್ ಕೊನೆಯ ವಾರ ಮಗಳು ಅಕಾಡೆಮಿಗೆ ಸೇರಿದ ದಿನ ಅದರ ಬಗ್ಗೆ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ನಾಲ್ಕೂ ನರ್ಸಮ್ಮನವು.

ಊರಿನ ಕಾರ್ಡು ಹಿಡಿದು ಇಂಥ ಕ್ಲಿನಿಕ್ಕುಗಳಿಗೆ ಹೋಗುವವರು ಮುಂಚಿನ ರಾತ್ರಿಯೇ ಬೇರೆ ಹಾಳೆಯಲ್ಲಿ ಪ್ರತಿ ಡೋಸಿನ ತಿಂಗಳನ್ನು ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮೂಲ ಕಾರ್ಡನ್ನೂ ಒಯ್ಯಿರಿ, ಆದರೆ ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಡೋಸು ಓರೆಯಾಗಿ ಹಿಡಿದಾಗಷ್ಟೇ ಓದಲು ಸಿಕ್ಕಿತು.