ಸೋಲಾರ್ ಇದ್ದ ಮನೆ ಮಾರಿದೆ, ಪ್ಯಾನೆಲ್‌ಗೆ ಎಷ್ಟು ಸಿಕ್ಕಿತು?

ಗೋಣಿಕೊಪ್ಪದ ನಮ್ಮ ಮನೆ ಹುತ್ತರಿ ಹಬ್ಬ ಮುಗಿದ ಮೇಲೆ ಮಾರಾಟವಾಯಿತು. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇತ್ತು. 2024ರ ಏಪ್ರಿಲ್‌ನಲ್ಲಿ ಹಾಕಿಸಿದ್ದು, 1,95,000 ರೂಪಾಯಿ ಆಗಿತ್ತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ಸಬ್ಸಿಡಿ ಬಂತು. ಗೀಸರ್, ಬೋರ್‌ವೆಲ್ ಪಂಪ್ ಸೇರಿ ನಮಗೆ ತಿಂಗಳಿಗೆ 300 ಯೂನಿಟ್ ದಾಟುತ್ತಿತ್ತು. ಹಾಗಾಗಿ ಹಾಕಿಸಿದ್ದಕ್ಕೆ ಬೇಜಾರಿಲ್ಲ. ಮಾರುವಾಗ ಮಾತ್ರ ಲೆಕ್ಕ ಬೇರೆಯಾಯಿತು.

ಮೊದಲ ತಪ್ಪು ನನ್ನದೇ. ಜುಲೈನಲ್ಲಿ ಮನೆ ತೋರಿಸಿದೆ. ಕೊಡಗಿನ ಜುಲೈ ಗೊತ್ತಲ್ಲ! ವಿರಾಜಪೇಟೆಯಿಂದ ಬಂದವರು ಕೊಡೆ ಹಿಡಿದು ತಾರಸಿ ಹತ್ತಿದರು. ಪ್ಯಾನೆಲ್‌ನ ಕೆಳಗಿನ ಅಂಚನ್ನು ಬೆರಳಲ್ಲಿ ಉಜ್ಜಿದರು, ಹಸಿರು ಪಾಚಿ ಬಂತು. ಕೆಳಗಿಳಿದು, ಪ್ಯಾನೆಲ್‌ನ ಕರೆಂಟನ್ನು ಮನೆಗೆ ಹೊಂದಿಸುವ ಇನ್ವರ್ಟರ್ ನೋಡಿದರು. ಮಧ್ಯಾಹ್ನ 12 ಗಂಟೆಗೆ 0.2 ಕಿಲೋವ್ಯಾಟ್ ತೋರಿಸುತ್ತಿತ್ತು. ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಬರುತ್ತೆ ಅಂದೆ, ಸುಮ್ನೆ ನಕ್ಕರು.

"ಮರ ಬಿದ್ದು ಕರೆಂಟ್ ಹೋದ್ರೆ ಇದು ನಡೆಯುತ್ತಾ?"

ಇಲ್ಲ, ನಡೆಯಲ್ಲ. ಬ್ಯಾಟರಿ ಇಲ್ಲದ ಈ ಸೋಲಾರ್, ಲೈನ್‌ನಲ್ಲಿ ಕರೆಂಟ್ ಇಲ್ಲದಾಗ ತಾನೂ ಆಫ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ವಾ? ಅದು ಸರಿಯೇ. ಆದರೆ ಮಳೆಗಾಲದಲ್ಲಿ ಎರಡು ದಿನ ಕತ್ತಲಲ್ಲಿ ಕೂರುವ ಊರಲ್ಲಿ ಈ ಉತ್ತರ ಕೇಳಿ ಯಾರೂ ದುಡ್ಡು ಜಾಸ್ತಿ ಕೊಡಲ್ಲ. ಅವರ ಮನೆಯಲ್ಲಿ 200 ಯೂನಿಟ್ ದಾಟುವುದೇ ಇಲ್ಲವಂತೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. "ಬಿಚ್ಚಿಕೊಂಡು ಹೋಗಿ, ನಾನು ತಾರಸಿಗೆ ಶೀಟ್ ಹಾಕಿಸ್ತೀನಿ" ಅಂದರು.

ಶೀಟ್ ಮಾತು ಚುಚ್ಚಿತು, ಯಾಕೆಂದರೆ ಸೋರುತ್ತಿದ್ದದ್ದು ನಿಜ. ಫಿಟ್ ಮಾಡಿದ ಹುಡುಗರು ತಾರಸಿಗೆ ನೇರವಾಗಿ ಬೋಲ್ಟ್ ಹೊಡೆದು ಮೇಲೆ ಒಂದಿಷ್ಟು ಸಿಮೆಂಟ್ ಮೆತ್ತಿ ಹೋಗಿದ್ದರು. ಎರಡನೇ ಮಳೆಗಾಲಕ್ಕೆ ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ತಟ್ಟೆಯಷ್ಟು ದೊಡ್ಡ ಕಂದು ಕಲೆ. ಫೋನ್ ಮಾಡಿದರೆ "ನಾಳೆ ಬರ್ತೀವಿ ಮೇಡಂ" ಅನ್ನುತ್ತಿದ್ದರು. ಕೊನೆಗೆ 14,000 ಕೊಟ್ಟು ಬೇರೆಯವರಿಂದ ವಾಟರ್‌ಪ್ರೂಫಿಂಗ್ ಮಾಡಿಸಿದೆ. ನೀವು ಹಾಕಿಸುವುದಾದರೆ ಕಾಂಕ್ರೀಟ್ ಕಟ್ಟೆ ಕಟ್ಟಿ ಅದರ ಮೇಲೆ ಕಾಲು ನಿಲ್ಲಿಸಲು ಹೇಳಿ.

ಡಿಸೆಂಬರ್‌ನಲ್ಲಿ ಬಂದ ಗಂಡ ಹೆಂಡತಿ ಹೋಂಸ್ಟೇ ಮಾಡುವವರು. ಆ ಅಕ್ಕ ಪ್ಯಾನೆಲ್ ನೋಡಲು ಮೇಲೆ ಹತ್ತಲೇ ಇಲ್ಲ, "ಬಿಲ್ ಇದ್ಯಾ?" ಅಂತ ಕೇಳಿದರು. ಹಾಕಿಸಿದ ದಿನದಿಂದ ಎಲ್ಲ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್ ಒಂದೇ ಫೈಲ್‌ನಲ್ಲಿ ಇಟ್ಟಿದ್ದೆ. ಜೊತೆಗೆ ಹೆಚ್ಚಾದ ಕರೆಂಟನ್ನು ಲೈನ್‌ಗೆ ಕೊಟ್ಟು ಬಿಲ್‌ನಲ್ಲಿ ಕಳೆಯುವ ನೆಟ್ ಮೀಟರ್ ಒಪ್ಪಂದ, ಪ್ಯಾನೆಲ್‌ನ 25 ವರ್ಷದ ವಾರಂಟಿ ಕಾರ್ಡ್. ಮಳೆಗಾಲದ ಬಿಲ್ ಕೂಡ ಮುಚ್ಚಿಡಲಿಲ್ಲ. ಕಾಫಿ ಆರುವವರೆಗೂ ಒಂದೊಂದೇ ಹಾಳೆ ತಿರುವಿ, ಪ್ಯಾನೆಲ್‌ಗೆ ಅಂತಲೇ 75,000 ಸೇರಿಸಿದರು. ನಾನು ಕೇಳಿದ್ದು ಒಂದೂವರೆ ಲಕ್ಷ, ಅದು ಅತಿಯಾಸೆ ಅಂತ ಈಗ ಒಪ್ಪುತ್ತೇನೆ.

ಸೋಲಾರ್‌ಗೆ ಐದಕ್ಕೆ ನಾಲ್ಕು. ಫಿಟ್ ಮಾಡಿದವರಿಗೆ ಒಂದು.

ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಅವರ ಹೆಸರಿಗೆ ಬದಲಾಯಿಸಲು ಅರ್ಜಿ ಕೊಟ್ಟಾಗಿದೆ. ಇನ್ವರ್ಟರ್‌ನ ಆ್ಯಪ್ ಮಾತ್ರ ಇನ್ನೂ ನನ್ನ ಮೊಬೈಲ್‌ನಲ್ಲೇ ಇದೆ. ಮೈಸೂರಲ್ಲಿ ಮಗಳ ಮನೆಯಲ್ಲಿ ಕೂತು ಸಂಜೆ ತೆಗೆದು ನೋಡುತ್ತೇನೆ. ನಿನ್ನೆ 11 ಯೂನಿಟ್ ಆಗಿತ್ತು.